ಎಲೆಯಡಿಕೆ ಸಂಚಿಯೊಳಗಿನ ಪಿಸ್ತೂಲು

ನನಗೆ ಮೊದಲ ಕೆಲಸ ಸಿಕ್ಕಿದಾಗ ಅದರ ಜೊತೆಗೆ ಒಂದು ಪಿಸ್ತೂಲೂ ಸಿಕ್ಕಿತು. ಕೆಲಸ ಕೊಟ್ಟದ್ದು ಸರ್ಕಾರ, ಪಿಸ್ತೂಲು ಕೊಟ್ಟದ್ದು ಅಪ್ಪ. ತಗೊಂಡರೆ ಎರಡನ್ನೂ ತಗೋ, ಬಿಟ್ಟರೆ ಎರಡನ್ನೂ ಬಿಡು ಅಂತ ಅಪ್ಪ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟರು.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಮ್ಮದು ಮಧುಗಿರಿ, ಅಪ್ಪನದು ಕಡಲೆಕಾಯಿ ಮಂಡಿ. ನಾನು ಗ್ರಾಮಸೇವಿಕೆಯ ತರಬೇತಿ ಮುಗಿಸಿಕೊಂಡು ಬಂದಿದ್ದೆ. ಕೊರಟಗೆರೆ ತಾಲ್ಲೂಕಿನಲ್ಲಿ, ತೋವಿನಕೆರೆಯವರೆಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಒಳಕ್ಕೆ ನಡೆದು ಸೇರಬೇಕಾದ ಒಂದು ಹಳ್ಳಿಗೆ ನನ್ನನ್ನು ಹಾಕಿದ್ದರು. ಅಲ್ಲೇ ಮನೆ ಮಾಡಿಕೊಂಡು ಸುತ್ತಲ ಹಳ್ಳಿಗಳ ಹೆಂಗಸರಿಗೆ ಹೊಗೆಯಿಲ್ಲದ ಒಲೆ ಕಟ್ಟುವುದನ್ನೂ ಹೊಲಿಗೆಯನ್ನೂ ಕೈತೋಟವನ್ನೂ ಹೇಳಿಕೊಡಬೇಕು. ಮಕ್ಕಳನ್ನು ಸಾಕುವುದು ಹೇಗೆ ಅಂತಲೂ ಹೇಳಿಕೊಡಬೇಕಾಗಿತ್ತು. ಮನೆ ತುಂಬ ಮಕ್ಕಳನ್ನು ಹೆತ್ತು ಹೊತ್ತು ಬೆಳೆಸಿದವರಿಗೆ ಮದುವೆಯೇ ಆಗದ ನಾನು ಆ ಪಾಠ ಹೇಳುತ್ತಿದ್ದೆ, ಅವರು ಪಾಪ ಮುಖಮುಖ ನೋಡಿಕೊಂಡು ಕೇಳುತ್ತಿದ್ದರು.

ಅಪ್ಪನಿಗೆ ಈ ಕೆಲಸ ಸುತರಾಂ ಇಷ್ಟವಿರಲಿಲ್ಲ. ತುಮಕೂರಿನಲ್ಲಿ ಅಕ್ಕಿ ಗಿರಣಿಯವರ ಮನೆಯಿಂದ ಒಂದು ಸಂಬಂಧ ಬಂದು ಕೂತಿತ್ತು. ಹುಡುಗನನ್ನು ನಾನು ನೋಡಿದ್ದೆ. ಕೆಟ್ಟವನೇನಲ್ಲ. ಆದರೆ ನೋಡಲು ಬಂದವನು ನನ್ನನ್ನು ಒಂದು ಮಾತೂ ಕೇಳದೆ ನಮ್ಮ ಮಂಡಿಯ ತಕ್ಕಡಿಯನ್ನು ಕುರಿತೇ ಅಪ್ಪನ ಜೊತೆ ಮಾತಾಡಿಕೊಂಡು ಉಪ್ಪಿಟ್ಟು ತಿಂದು ಹೋದ. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಕೆಲಸಕ್ಕೆ ಹೋಗುವವಳೇ ಅಂತ ಎರಡು ದಿನ ಊಟ ಬಿಟ್ಟೆ. ಮೂರನೆಯ ದಿನ ಅಪ್ಪ ಬೀರುವಿನಿಂದ ಪಿಸ್ತೂಲು ತೆಗೆದು ನನ್ನ ಮುಂದಿಟ್ಟರು.

"ಒಂಟಿ ಹೆಣ್ಣು, ಕಾಡು ಮೇಡು ಅಲೆಯೋಳು. ಇದು ಜೊತೇಲಿರೋವರೆಗೆ ನೀನು ಅಲ್ಲಿರು. ಇದು ಕೈಬಿಟ್ಟ ದಿನ ಮನೆಗೆ ಬಾ, ಗಿರಣಿಯೋರಿಗೆ ಮಾತು ಕೊಡ್ತೀನಿ."

ಸರಿ ಅಂದೆ. ಆಗ ನನಗೆ ಅಪ್ಪ ಆನೆ ಸಾಕಿಕೋ ಅಂದಿದ್ದರೂ ಸರಿ ಅನ್ನುತ್ತಿದ್ದೆ.

ಅದೇನೂ ಭಾರಿ ಆಯುಧವಲ್ಲ. ಅಂಗೈಯಲ್ಲಿಟ್ಟು ಬೆರಳು ಮಡಿಸಿದರೆ ಕಾಣದಷ್ಟು ಚಿಕ್ಕದು. ಇಪ್ಪತ್ತೈದು ಬೋರು ಅಂತ ಅಪ್ಪ ಗಂಭೀರವಾಗಿ ಹೇಳುತ್ತಿದ್ದರು. ಅದರ ಗುಂಡು ಅಲಸಂದೆ ಕಾಳಿನಷ್ಟು ದಪ್ಪವಿತ್ತು. ಪಾವಗಡದ ಕಡೆ ಕಡಲೆಕಾಯಿ ಕೊಳ್ಳಲು ಹೋಗುವಾಗ ಆತ್ಮರಕ್ಷಣೆಗೆ ಇರಲಿ ಅಂತ ಅಪ್ಪ ಅದನ್ನು ಯಾರೋ ರಿಟೈರಾದ ಮಿಲಿಟರಿಯವರಿಂದ ಕೊಂಡಿದ್ದರು. ಎಷ್ಟೋ ವರ್ಷ ಜುಬ್ಬದ ಜೇಬಿನಲ್ಲಿ ಹೊತ್ತು ತಿರುಗಿದರೂ ಒಂದು ಸಲವೂ ಅದನ್ನು ಹೊರಗೆ ತೆಗೆದವರಲ್ಲ. ಒಂದೇ ಒಂದು ಸಲ ಅದು ತಾನಾಗಿ ಹೊರಗೆ ಬಂದಿತ್ತು. ಪಾವಗಡದ ಬಸ್ಸಿನಲ್ಲಿ ಅಪ್ಪ ತೂಕಡಿಸುತ್ತಿದ್ದಾಗ ಜೇಬಿನಿಂದ ಜಾರಿ ಪಕ್ಕದ ಮುದುಕನ ತೊಡೆಯ ಮೇಲೆ ಬಿತ್ತಂತೆ. ಆತ ಎತ್ತಿ ಹಿಡಿದು, ಆ ಕಡೆಯ ತೆಲುಗಿನಲ್ಲಿ, "ಇದೇಂದಿ ಸಾಮೀ?" ಅಂದನಂತೆ. ಅಪ್ಪ ಗಾಬರಿಯಲ್ಲಿ, ಸಿಗರೇಟು ಹಚ್ಚೋ ಲೈಟರು ಅಂದುಬಿಟ್ಟರಂತೆ. ಮುದುಕ ತಕ್ಷಣ ಕಿವಿಯ ಸಂದಿಯಿಂದ ಬೀಡಿ ತೆಗೆದು ಬಾಯಿಗಿಟ್ಟುಕೊಂಡು, "ರವ್ವಂತ ಅಂಟಿಂಚು ಸಾಮೀ" ಅಂತ, ಒಂಚೂರು ಹಚ್ಚಿಕೊಡಿ ಅನ್ನುವ ಹಾಗೆ ಮುಖ ಮುಂದೆ ಚಾಚಿದನಂತೆ. ಈ ಕಥೆ ಹೇಳುವಾಗಲೆಲ್ಲ ಅವ್ವ ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ಅಪ್ಪ ಎದ್ದು ಮಂಡಿಗೆ ಹೋಗುತ್ತಿದ್ದರು.

ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಲು ಅಪ್ಪ ತುಮಕೂರಿಗೆ ಅಲೆದರು. ನನಗೆ ಅದು ಯಾಕೆ ಬೇಕು ಅನ್ನುವ ಕಾರಣವನ್ನೂ ಅವರೇ ಹೇಳಿ ಬರೆಸಿ, ಇಲ್ಲಿ ಸೈನು ಹಾಕು ಅಂದರು, ಹಾಕಿದೆ. ಆಮೇಲೆ ಗುಂಡು ಹೊಡೆಯುವುದು ಕಲಿಸುತ್ತೇನೆ ಅಂತ ಬೆಟ್ಟದ ಹಿಂದಿನ ಬಯಲಿಗೆ ಕರೆದುಕೊಂಡು ಹೋದರು. ಬಂಡೆಯ ಮೇಲೆ ಒಂದು ಬೂದಗುಂಬಳಕಾಯಿ ಇಟ್ಟರು. ನಾನು ಕಣ್ಣು ಮುಚ್ಚಿಕೊಂಡು ಪಿಸ್ತೂಲಿನ ಕುದುರೆ ಎಳೆದೆ. ಪಟ್ ಅಂತ ಸದ್ದಾಯಿತು. ಬೆಟ್ಟ ಅದನ್ನು ದೊಡ್ಡದು ಮಾಡಿ ವಾಪಸ್ಸು ಕಳಿಸಿತು. ಅಪ್ಪ ಎದೆ ಹಿಡಿದುಕೊಂಡು ಕೂತುಬಿಟ್ಟರು. ಕುಂಬಳಕಾಯಿಗೆ ಏನೂ ಆಗಿರಲಿಲ್ಲ. ಗುಂಡು ಅದರ ಪಕ್ಕದಲ್ಲೇ ಹೋಯಿತು, ಮನುಷ್ಯನಾಗಿದ್ದರೆ ಹೆದರಿ ಓಡಿಹೋಗುತ್ತಿದ್ದ ಅಂತ ಅಪ್ಪ ತೀರ್ಪು ಕೊಟ್ಟರು. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಅವ್ವ ಆ ಕುಂಬಳಕಾಯಿಯನ್ನು ಮಾರನೆಯ ದಿನ ಮಜ್ಜಿಗೆಹುಳಿ ಮಾಡಿದಳು.

ಇನ್ನು ಇದನ್ನು ಹೊತ್ತು ತಿರುಗುವುದು ಹೇಗೆ? ಗಂಡಸರಿಗೆ ಜೇಬಿದೆ, ಸೀರೆಗೆ ಎಲ್ಲಿಯ ಜೇಬು? ಸಿರಾದಲ್ಲಿ ಜಟಕಾ ಕುದುರೆಗಳಿಗೆ ಜೀನು ಹೊಲಿಯುವ ಒಬ್ಬ ಸಾಬರಿದ್ದರು, ಬಹಳ ಅಚ್ಚುಕಟ್ಟಿನ ಕೈ. ಅಪ್ಪ ಅವರಿಗೆ ಒಂದು ಚರ್ಮದ ಚೀಲ ಹೊಲಿಯಲು ಹೇಳಿದರು. ಒಳಗೆ ಏನಿಡ್ತೀರಿ ಸಾಹೇಬ್ರೇ ಅಂತ ಸಾಬರು ಕೇಳಿದರೆ ಪಿಸ್ತೂಲು ಅನ್ನಲು ಅಪ್ಪನಿಗೆ ಧೈರ್ಯ ಸಾಲದೆ, ಮಗಳ ಕನ್ನಡಕ ಅಂದರು. ಸಾಬರು ಅಷ್ಟೇ ನಂಬಿಕೆಯಿಂದ ಕನ್ನಡಕದ ಅಳತೆಗೆ, ಉದ್ದಕ್ಕೆ ತೆಳ್ಳಗೆ ಹೊಲಿದುಕೊಟ್ಟು, "ಬೇಟಿ ಕಣ್ಣು ಜೋಪಾನ" ಅಂತ ಆಶೀರ್ವಾದವನ್ನೂ ಕಳಿಸಿದರು. ಪಿಸ್ತೂಲು ಅದರ ಬಾಯಿಯೊಳಕ್ಕೇ ಹೋಗಲಿಲ್ಲ. ನನಗೆ ಕನ್ನಡಕವೂ ಇರಲಿಲ್ಲ.

ಕೊನೆಗೆ ಅವ್ವ ತನ್ನ ಹಳೆಯ ಎಲೆಯಡಿಕೆ ಸಂಚಿಯನ್ನು ಕೊಟ್ಟಳು. ಬಟ್ಟೆಯದು, ಪದರ ಪದರವಾಗಿ ಖಾನೆಗಳಿದ್ದವು, ಬಾಯಿಗೆ ದಾರ. ಒಂದು ಖಾನೆಯಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ, ನಡುವಿನ ದೊಡ್ಡ ಖಾನೆಯಲ್ಲಿ ಪಿಸ್ತೂಲು. ಸೊಂಟಕ್ಕೆ ಸಿಕ್ಕಿಸಿಕೊಂಡರೆ ಯಾರಿಗೂ ಅನುಮಾನ ಬರುವುದಿಲ್ಲ. ಗುಂಡುಗಳನ್ನು ಮಾತ್ರ ನಾನು ಟ್ರಂಕಿನ ತಳದಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟಿದ್ದೆ. ಅಪ್ಪನ ಷರತ್ತು ಪಿಸ್ತೂಲಿನದು, ಗುಂಡಿನ ಮಾತು ಅದರಲ್ಲಿ ಇರಲಿಲ್ಲ.

ಹಳ್ಳಿಯಲ್ಲಿ ಒಬ್ಬಂಟಿ ಅಜ್ಜಿಯೊಬ್ಬರ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಅಜ್ಜಿಯ ಬಾಯಿ ಜೋರು, ಕೈ ಅದಕ್ಕಿಂತ ಧಾರಾಳ. ಮೊದಲ ವಾರವೇ ನನಗೆ ಬಿಸಿ ಮುದ್ದೆ, ಅವರೆಕಾಳಿನ ಸಾರು ಬಡಿಸಿ, "ಇಂಗೆ ಕಡ್ಡಿ ಇದ್ದಂಗಿದ್ರೆ ಒಲೆ ಹೆಂಗೆ ಕಟ್ತೀಯವ್ವ, ಗಾಳಿಗೆ ನೀನೇ ಹಾರೋಗ್ತೀಯ" ಅಂದಿದ್ದರು. ಆ ಕೋಣೆಯಲ್ಲಿ ನನ್ನದೇ ಸೀಮೆಎಣ್ಣೆ ದೀಪ, ನನ್ನದೇ ಚಾಪೆ. ತಿಂಗಳ ಕೊನೆಗೆ ನನ್ನ ಹೆಸರಿಗೇ ಸಂಬಳ. ಬೆಳಗ್ಗೆ ಎದ್ದು ಇವತ್ತು ಯಾವ ಹಳ್ಳಿಗೆ ಹೋಗಲಿ ಅಂತ ನಾನೇ ಯೋಚಿಸುವಾಗ ಆಗುತ್ತಿದ್ದ ಸಂತೋಷವನ್ನು ಇಷ್ಟು ವರ್ಷದ ಮೇಲೂ ನಾನು ಮರೆತಿಲ್ಲ. ಅದನ್ನು ಬಿಟ್ಟು ತಕ್ಕಡಿ ಪ್ರಿಯನ ಮನೆಗೆ ಹೋಗುವುದನ್ನು ನೆನೆದರೆ ಸಂಚಿಯನ್ನು ಸೊಂಟಕ್ಕೆ ಇನ್ನಷ್ಟು ಬಿಗಿಯಾಗಿ ಸಿಕ್ಕಿಸಿಕೊಳ್ಳುತ್ತಿದ್ದೆ.

ಪಿಸ್ತೂಲಿನ ಗುಟ್ಟು ಬಹಳ ದಿನ ಉಳಿಯಲಿಲ್ಲ. ನಮ್ಮ ಸೀಮೆಯಲ್ಲಿ ಎಲೆಯಡಿಕೆ ಕೇಳಿದವರಿಗೆ ಎಣಿಸಿ ತೆಗೆದು ಕೈಗೆ ಕೊಡುವ ಪದ್ಧತಿಯಿಲ್ಲ. ಅದು ಭಿಕ್ಷೆ ಹಾಕಿದಂತೆ. ಸಂಚಿಯನ್ನೇ ಕೊಡಬೇಕು, ಅವರು ತಮಗೆ ಬೇಕಾದ್ದನ್ನು ತೆಗೆದುಕೊಂಡು ಸಂಚಿ ವಾಪಸ್ಸು ಕೊಡುತ್ತಾರೆ. ಹುಟ್ಟಿದಾಗಿನಿಂದ ನೋಡಿದ ಅಭ್ಯಾಸ. ಒಂದು ಮಧ್ಯಾಹ್ನ ಹೆಂಗಸರನ್ನೆಲ್ಲ ಅಜ್ಜಿಯ ಜಗಲಿಯಲ್ಲಿ ಕೂರಿಸಿಕೊಂಡು ನಾನು ಹಸಿರು ತರಕಾರಿಯ ಮಹತ್ವವನ್ನು ಕೊರೆಯುತ್ತಿದ್ದೆ. ಅಜ್ಜಿ ಆಕಳಿಸಿ, "ಸಂಚಿ ಕೊಡವ್ವ ಇತ್ಲಾಗೆ" ಅಂತ ಕೈ ಚಾಚಿದರು. ನಾನು ನುಗ್ಗೆಸೊಪ್ಪಿನ ಬಗ್ಗೆ ಮಾತಾಡುತ್ತಲೇ ಸೊಂಟದಿಂದ ಸಂಚಿ ತೆಗೆದು ಕೊಟ್ಟುಬಿಟ್ಟೆ. ನೆನಪಾಗಿ ತಿರುಗುವಷ್ಟರಲ್ಲಿ ಅಜ್ಜಿ ಪಿಸ್ತೂಲನ್ನು ಹೊರಗೆ ತೆಗೆದು, ಅತ್ತ ಇತ್ತ ತಿರುಗಿಸಿ, ಅದರ ಕುದುರೆಯ ಸಂದಿಗೆ ಒಂದು ಗೋಟಡಿಕೆ ಸಿಕ್ಕಿಸಿ ಒತ್ತುತ್ತಿದ್ದರು.

"ಏನವ್ವ ನಿನ್ನ ಅಡಕತ್ರಿ, ಬಾಯೇ ಬಿಡಾಕಿಲ್ವಲ್ಲ!"

ನಾನು ಹಾರಿ ಕಿತ್ತುಕೊಂಡೆ. ಅದು ಅಡಕತ್ತರಿಯಲ್ಲ, ಪಿಸ್ತೂಲು ಅಂದೆ. ಜಗಲಿಯಲ್ಲಿದ್ದವರೆಲ್ಲ ನಕ್ಕರು ನೋಡಿ, ಆ ನಗು ಕೆರೆ ಏರಿಯವರೆಗೂ ಕೇಳಿಸಿರಬೇಕು. ಅವತ್ತಿನಿಂದ ಗ್ರಾಮಸೇವಿಕೆ ಹೋಗಿ ನಾನು ಪಿಸ್ತೂಲಮ್ಮ ಆದೆ. ನನ್ನ ಪಾಠಗಳಿಗೆ ಬಾರದೆ ತಪ್ಪಿಸಿಕೊಳ್ಳುತ್ತಿದ್ದವರೂ ಆ ಪುಟ್ಟ ಆಯುಧವನ್ನು ನೋಡಲು ಬಂದರು. ಬಂದವರನ್ನು ನಾನು ಸುಮ್ಮನೆ ಬಿಡುತ್ತಿರಲಿಲ್ಲ, ಒಲೆ ಕಟ್ಟುವುದನ್ನು ಕಲಿಸಿಯೇ ಕಳಿಸುತ್ತಿದ್ದೆ. ಆ ತಿಂಗಳು ತಾಲ್ಲೂಕಿನಲ್ಲೇ ಹೆಚ್ಚು ಹೊಗೆಯಿಲ್ಲದ ಒಲೆಗಳು ನನ್ನ ಹಳ್ಳಿಗಳಲ್ಲಿ ಎದ್ದವು.

ಆಯುಧಪೂಜೆ ಬಂತು. ಅಜ್ಜಿ ಕುಡುಗೋಲು, ಒನಕೆ, ಈಳಿಗೆಮಣೆ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟು, ನಿನ್ನದನ್ನೂ ತಾ ಅಂದರು. ಬೇಡ ಅಜ್ಜಿ, ಅದು ನೀರು ತಾಕಬಾರದ್ದು ಅಂದೆ. "ಊರಾಗಿರೋದೇ ಒಂದು ಆಯ್ದ, ಅದನ್ನ ಬುಟ್ಟು ಈಳಿಗೆಮಣೆಗೆ ಪೂಜೆ ಮಾಡ್ಲಾ?" ಅಂತ ಕಿತ್ತುಕೊಂಡರು. ನೀರು ಹಾಕಲಿಲ್ಲ, ಆ ಮಾತಿಗೆ ಬೆಲೆ ಕೊಟ್ಟರು. ಬದಲಿಗೆ ಹರಳೆಣ್ಣೆ ಹಾಕಿ ತಿಕ್ಕಿ, ಮೂರು ಬೆರಳು ವಿಭೂತಿ ಬಳಿದು, ಕುಂಕುಮ ಇಟ್ಟು, ನಳಿಕೆಯ ತೂತಿಗೆ ಒಂದು ಸೇವಂತಿಗೆ ಹೂವಿನ ತೊಟ್ಟು ತುರುಕಿದರು. ಊರ ಹೆಂಗಸರೆಲ್ಲ ಬಂದು ಅದಕ್ಕೆ ಆರತಿ ಎತ್ತಿದರು. ಆ ಎಣ್ಣೆಯನ್ನೂ ಕುಂಕುಮವನ್ನೂ ನಾನು ಎಷ್ಟು ಒರೆಸಿದರೂ ಅದರ ಸಂದಿಗೊಂದಿಗಳಿಂದ ಪೂರ್ತಿ ಹೋಗಲೇ ಇಲ್ಲ.

ಹೀಗೆ ವರ್ಷ ತುಂಬುತ್ತಾ ಬಂತು. ಲೈಸೆನ್ಸನ್ನು ಹೊಸದು ಮಾಡಿಸಬೇಕಾಗಿತ್ತು. ಅದಕ್ಕೆ ಪೊಲೀಸಿನವರು ಊರಿಗೆ ಬಂದು ವಿಚಾರಿಸಿ, ಇವರಿಗೆ ಪಿಸ್ತೂಲಿನ ಅಗತ್ಯವಿದೆ ಅಂತ ವರದಿ ಕೊಡಬೇಕು. ಅಪ್ಪ ಮೊದಲೇ ಕಾಗದ ಹಾಕಿದ್ದರು. ಲೈಸೆನ್ಸ್ ಹೊಸದಾದರೆ ಸರಿ, ಇಲ್ಲದಿದ್ದರೆ ಟ್ರಂಕು ಕಟ್ಟು, ಗಿರಣಿಯವರು ಇನ್ನೂ ಕಾಯುತ್ತಿದ್ದಾರೆ ಅಂತ.

ಸಬ್‌ಇನ್‌ಸ್ಪೆಕ್ಟರು ಒಂದು ಬೆಳಗ್ಗೆ ಮೋಟಾರ್ ಸೈಕಲ್ಲಿನಲ್ಲಿ ಬಂದರು. ನಡುವಯಸ್ಸಿನವರು, ದೊಡ್ಡ ಮೀಸೆ, ಮಾತು ಮೆತ್ತಗೆ. ಚಾವಡಿಯ ಮುಂದೆ ಊರೆಲ್ಲ ಸೇರಿತು. ಪಟೇಲರು ರುಮಾಲು ಸುತ್ತಿಕೊಂಡು ಬಂದು ಎದುರಿಗೆ ಕೂತರು. ಅವರು ಎತ್ತರದ, ಕಡಿಮೆ ಮಾತಿನ ಮುದುಕರು. ಮೂರು ತಲೆಮಾರಿನಿಂದ ಪಟೇಲಿಕೆ ಅವರ ಮನೆಯಲ್ಲೇ ಇತ್ತು. ಇನ್‌ಸ್ಪೆಕ್ಟರು ಪಿಸ್ತೂಲು ತೋರಿಸಿ ಅಂದರು. ನಾನು ಸಂಚಿಯಿಂದ ತೆಗೆದು ಕೊಟ್ಟೆ. ಅವರ ಬೆರಳಿಗೆಲ್ಲ ಕುಂಕುಮ ಅಂಟಿತು. ಮೂಸಿ ನೋಡಿ, "ಹರಳೆಣ್ಣೆ?" ಅಂತ ಕೇಳಿದರು. ಹೌದು ಸಾರ್ ಅಂದೆ. ಇನ್ನೇನೂ ಕೇಳದೆ ಕರವಸ್ತ್ರದಲ್ಲಿ ಬೆರಳು ಒರೆಸಿಕೊಂಡು ಪಟೇಲರ ಕಡೆ ತಿರುಗಿದರು.

"ಏನು ಪಟೇಲ್ರೇ, ನಿಮ್ಮೂರಲ್ಲಿ ಕಳ್ಳರ ಕಾಟ ಜಾಸ್ತಿಯಂತೆ. ಈಯಮ್ಮ ಪ್ರಾಣಭಯದಿಂದ ಇದ್ದಾರೆ, ಇದು ಕಳ್ಳಕಾಕರ ಊರು ಅಂತ ಇವರ ತಂದೆ ಅರ್ಜೀಲಿ ಬರೆಸಿದ್ದಾರೆ. ನಿಜವಾ?"

ಅಪ್ಪ ಏನು ಬರೆಸಿದ್ದರು ಅನ್ನುವುದು ನನಗೆ ಗೊತ್ತಾದದ್ದು ಅವತ್ತೇ. ಸೈನು ಹಾಕುವ ಆತುರದಲ್ಲಿ ನಾನು ಓದಿಯೇ ಇರಲಿಲ್ಲ. ಪಟೇಲರು ಕೂತಲ್ಲಿಂದ ಎದ್ದು ನಿಂತರು. ರುಮಾಲು ಸರಿಮಾಡಿಕೊಂಡರು.

"ನಮ್ಮಪ್ಪನ ಕಾಲದಿಂದ ಈ ಊರಿಂದ ಒಂದು ಕಳ್ಳತನದ ಕೇಸು ಟೇಶನ್ ಮೆಟ್ಟಲು ಹತ್ತಿಲ್ಲ ಸೋಮಿ. ಬೇಕಾದ್ರೆ ಯಾರನ್ನಾದ್ರೂ ಕೇಳಿ."

ಅಷ್ಟು ಹೇಳಿದ್ದೇ ತಡ, ಊರಿಗೆ ಊರೇ ಬಾಯಿ ಬಿಟ್ಟಿತು. ಕಳೆದುಹೋದ ಹೋತ ತಾನಾಗಿ ಮನೆ ಸೇರಿದ ಕಥೆ ಒಬ್ಬನದು. ಕಣದಲ್ಲಿ ರಾಗಿ ರಾಶಿ ಬಿಟ್ಟು ಮದುವೆಗೆ ಹೋಗಿ ಬಂದರೂ ಒಂದು ಕಾಳು ಅಲ್ಲಾಡಿರಲಿಲ್ಲ ಅಂತ ಇನ್ನೊಬ್ಬ. ನಮ್ಮ ಮನೆಗೆ ಬಾಗಿಲೇ ಇಲ್ಲ ಅಂತ ಮತ್ತೊಬ್ಬ ಎದೆ ತಟ್ಟಿಕೊಂಡ. ಪೈಪೋಟಿಯ ಮೇಲೆ ಹೊಗಳಿಕೊಂಡರು. ಅವರ ಒಂದೊಂದು ಒಳ್ಳೆಯತನವೂ ನನ್ನ ಕೆಲಸದ ಕುತ್ತಿಗೆಯನ್ನು ಕೊಯ್ಯುತ್ತಿತ್ತು. ನಾನು ಕಣ್ಸನ್ನೆ ಮಾಡಿದೆ, ಕೆಮ್ಮಿದೆ, ಯಾರೂ ನನ್ನ ಕಡೆ ನೋಡಲೊಲ್ಲರು. ಇಷ್ಟು ಸಾಚಾ ಜನರ ನಡುವೆ ನನ್ನನ್ನು ಯಾಕಾದರೂ ಹಾಕಿದರಪ್ಪಾ ಅಂತ ಸರ್ಕಾರದ ಮೇಲೆ ಸಿಟ್ಟು ಬಂತು.

ಇನ್‌ಸ್ಪೆಕ್ಟರು ನಕ್ಕರು. "ಇಂಥ ಊರಲ್ಲಿ ಪಿಸ್ತೂಲು ಯಾಕಮ್ಮ? ಅಗತ್ಯವಿಲ್ಲ ಅಂತ ಬರೀತೀನಿ. ತಂದು ಸ್ಟೇಶನ್ನಿಗೆ ಒಪ್ಪಿಸಿಬಿಡಿ." ಊರವರು ಗೆದ್ದವರ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್‌ಸ್ಪೆಕ್ಟರು ಊಟಕ್ಕೆ ಪಟೇಲರ ಮನೆಗೆ ನಡೆದರು.

ಜನ ಚದುರಿದಾಗ ನನ್ನ ಹತ್ತಿರ ಯಾರೂ ಬರಲಿಲ್ಲ. ದಿನವೂ ಊಟ ಆಯ್ತಾ ಪಿಸ್ತೂಲಮ್ಮ ಅಂತ ಕೇಳುತ್ತಿದ್ದವರು ತಲೆ ತಗ್ಗಿಸಿಕೊಂಡು ನನ್ನ ಪಕ್ಕದಿಂದ ಸರಿದು ಹೋದರು. ಕೆಲಸ ಹೋದದ್ದಕ್ಕಿಂತ ಅದು ನನಗೆ ಹೆಚ್ಚು ಚುಚ್ಚಿತು. ಮನೆಗೆ ಬಂದರೆ ಅಜ್ಜಿ ಒಲೆಯ ಮುಂದೆ ಕೂತು ಬೆನ್ನು ಮಾಡಿದ್ದರು.

"ನಿಮ್ಮಪ್ಪ ನಮ್ಮನ್ನ ಕಳ್ರು ಅಂತ ಬರ್ಸವ್ನಾ?"

"ಅಪ್ಪನಿಗೆ ನಿಮ್ಮನ್ನು ಗೊತ್ತಿಲ್ಲ ಅಜ್ಜಿ."

"ನಿಂಗೆ ಗೊತ್ತಿತ್ತಲ್ಲ?"

ನಾನು ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಅಪ್ಪನ ಷರತ್ತು, ಪಿಸ್ತೂಲು ಹೋದರೆ ಕೆಲಸ ಹೋಗುವುದು, ಅಕ್ಕಿ ಗಿರಣಿ, ತಕ್ಕಡಿ. ಊರು ಕೆಟ್ಟದು ಅಂತ ನಾನು ಯಾವತ್ತೂ ಅಂದುಕೊಂಡವಳಲ್ಲ, ಊರು ಬಿಡಬೇಕಲ್ಲ ಅಂತ ಸಂಕಟವಾಗುತ್ತಿದೆ ಅಂದೆ. ಅಜ್ಜಿ ತಿರುಗಲಿಲ್ಲ. ಕುದಿಯುತ್ತಿದ್ದ ಸಾರನ್ನು ಇಳಿಸಿದರು, ಕೈ ತೊಳೆದರು, ಸೆರಗು ಸಿಕ್ಕಿಸಿಕೊಂಡರು.

"ಇಷ್ಟೊತ್ತು ಬಾಯಲ್ಲಿ ಏನ್ ಕಡ್ಬು ಇಟ್ಕೊಂಡಿದ್ದೆ? ಮೊದ್ಲೇ ಹೇಳೋಕೇನಾಗಿತ್ತು? ನಡಿ."

ದಾರಿಯಲ್ಲಿ ಅಜ್ಜಿ ನಾಲ್ಕು ಮನೆ ಬಾಗಿಲಲ್ಲಿ ನಿಂತು ಏನೋ ಹೇಳಿದರು. ಪಟೇಲರ ಜಗಲಿಗೆ ಹೋಗುವಷ್ಟರಲ್ಲಿ ನಮ್ಮ ಹಿಂದೆ ಹೆಂಗಸರ ಹಿಂಡೇ ಇತ್ತು. ಇನ್‌ಸ್ಪೆಕ್ಟರು ಊಟ ಮುಗಿಸಿ ವೀಳ್ಯದೆಲೆ ಮಡಿಸಿಕೊಳ್ಳುತ್ತಿದ್ದರು. ಅಜ್ಜಿ ಎದುರಿಗೆ ನಿಂತು ಕೈ ಮುಗಿದರು.

"ಸೋಮೀ, ಆಗ್ಲೇ ಹೇಳಿದ್ದೆಲ್ಲ ಸುಳ್ಳು. ನಮ್ಮೂರು ಕಳ್ರ ಊರೇ. ಅಂಗೇ ಬರ್ಕೊಳ್ಳಿ."

ಇನ್‌ಸ್ಪೆಕ್ಟರ ಕೈ ಅರ್ಧದಲ್ಲೇ ನಿಂತಿತು. "ಯಾರಜ್ಜೀ ಕಳ್ಳರು?"

"ನಾನೇ. ಹೋದ ವರ್ಷ ಇದೇ ಪಟೇಲಪ್ಪನ ಹಿತ್ಲಲ್ಲಿ ಸೋರೆಕಾಯಿ ಕಿತ್ಕೊಂಡೋದೆ. ಎಷ್ಟು ಎಳೇದಿತ್ತು ಅಂತೀರಾ!"

ಅಜ್ಜಿಯ ಹಿಂದಿನಿಂದ ಇನ್ನೊಬ್ಬಳು, ಸರ್ಕಾರದ ಹುಣಸೆಮರದ ಹಣ್ಣೆಲ್ಲ ತಾನೇ ಬಡಿದದ್ದು ಅಂದಳು. ಕೆರೆಯ ಮೀನು ತಮ್ಮ ಮನೆಯಲ್ಲಿ ಬೇಯುತ್ತದೆ ಅಂತ ಮತ್ತೊಬ್ಬಳು. ತಾನು ಹಾಲಿಗೆ ನೀರು ಬೆರೆಸುತ್ತೇನೆ ಅಂತ ಒಬ್ಬಳು ಅಂದಾಗ, ಅದು ಎಲ್ಲರಿಗೂ ಗೊತ್ತು ಬುಡು, ಬೇರೆ ಏನಾದ್ರೂ ಹೇಳು ಅಂತ ಅಜ್ಜಿ ಗದರಿದರು. ಕೊನೆಗೆ ಒಳಬಾಗಿಲಿನ ಹಿಂದಿನಿಂದ ಪಟೇಲರ ಹೆಂಡತಿಯ ದನಿ ಬಂತು. ಯಜಮಾನರ ಅಂಗಿ ಜೇಬಿಗೆ ಈ ಮನೆಗೆ ಬಂದಾಗಿನಿಂದ ಕೈ ಹಾಕುತ್ತಿದ್ದೇನೆ, ಅದನ್ನೂ ಬರೆದುಕೊಳ್ಳಿ ಅಂತ. ಇನ್‌ಸ್ಪೆಕ್ಟರು ಮೀಸೆಯ ಮೇಲೆ ಕೈ ಇಟ್ಟು ನಗು ಅದುಮುತ್ತಿದ್ದರು.

"ನನ್ನ ಸರ್ವೀಸಿನಲ್ಲಿ ಕಳ್ಳರು ತಾವಾಗಿ ಬಂದು ಸಾಲಾಗಿ ನಿಂತಿದ್ದು ಇವತ್ತೇ. ಇದಕ್ಕೆಲ್ಲ ಏನಮ್ಮ ಕಾರಣ?"

ಅಜ್ಜಿ ನನ್ನನ್ನು ತೋರಿಸಿದರು. "ಈ ಹುಡ್ಗಿ ಕೈಲಿ ಆ ಆಯ್ದ ಇದ್ರೆ ಇರ್ತಾಳೆ, ಇಲ್ದಿದ್ರೆ ಅವ್ರಪ್ಪ ಎಳ್ಕೊಂಡೋಗ್ತಾನೆ. ಅಷ್ಟೇ ಸೋಮಿ."

ಇನ್‌ಸ್ಪೆಕ್ಟರು ನನ್ನನ್ನು ನೋಡಿದರು, ಆಮೇಲೆ ಪಟೇಲರನ್ನು. ಹೆಂಗಸರ ಮಾತಿನ ಮೇಲೆ ಬರೆಯಲಾಗುವುದಿಲ್ಲ, ಪಟೇಲರು ಹೇಳಿ ರುಜು ಹಾಕಬೇಕು ಅಂದರು. ಜಗಲಿಯ ಮೇಲಿನ ನಗು ತಟ್ಟನೆ ನಿಂತಿತು. ಪಟೇಲರು ಕಂಬಕ್ಕೆ ಒರಗಿ ಕೂತಿದ್ದವರು ಅಲ್ಲಾಡಲಿಲ್ಲ. ಸೋರೆಕಾಯಿ ಕದ್ದೆ ಅನ್ನುವುದು ಅಜ್ಜಿಗೆ ತಮಾಷೆ. ಪಟೇಲರಿಗೆ ಊರಿನ ಹೆಸರು ತಂದೆಯಿಂದ ಬಂದ ಮಾನ. ಬೆಳಗ್ಗೆ ಊರ ಮುಂದೆ ಎದ್ದು ನಿಂತು ಹೇಳಿದ ಮಾತನ್ನು ಮಧ್ಯಾಹ್ನ ಅದೇ ಬಾಯಿಂದ ಸುಳ್ಳು ಅನ್ನಬೇಕು. ನನಗೆ ತಡೆಯಲಾಗಲಿಲ್ಲ. ಬೇಡ ಪಟೇಲ್ರೇ, ನಾನು ಮಧುಗಿರಿಗೆ ಹೋಗ್ತೀನಿ ಅಂದೆ.

ಅವರು ನನ್ನ ಮಾತು ಕೇಳಿಸದವರಂತೆ ಇನ್‌ಸ್ಪೆಕ್ಟರ ಕಡೆ ಕೈ ಚಾಚಿದರು. "ಪೆನ್ನು ಕೊಡಿ."

ಪೆನ್ನು ತೆಗೆದುಕೊಂಡು, "ಕಳ್ರ ಊರು ಅಂತಲೇ ಬರೀರಿ. ಹೆಣ್ಮಕ್ಳು ಒಂಟಿಯಾಗಿರೋ ಊರಲ್ಲ" ಅಂದರು. ಬರೆದದ್ದರ ಕೆಳಗೆ ನಿಧಾನವಾಗಿ, ಒಂದೊಂದೇ ಅಕ್ಷರವಾಗಿ ರುಜು ಹಾಕಿದರು. ಆಮೇಲೆ ಎದ್ದು ಒಳಗೆ ಹೋದರು. ಇನ್‌ಸ್ಪೆಕ್ಟರು ಹೋಗುವವರೆಗೂ ಹೊರಗೆ ಬರಲಿಲ್ಲ.

ಲೈಸೆನ್ಸ್ ಹೊಸದಾಯಿತು. ಅಪ್ಪ, ನೋಡಿದೆಯಾ, ಪೊಲೀಸಿನವರೇ ಒಪ್ಪಿಕೊಂಡಿದ್ದಾರೆ, ನಾನು ಹೇಳಿರಲಿಲ್ಲವಾ ಅಂತ ಹೆಮ್ಮೆಯಿಂದ ಬರೆದರು. ಇತ್ತ ಪೊಲೀಸ್ ದಫ್ತರದಲ್ಲಿ ನಮ್ಮ ಊರು ಕಳ್ಳರ ಊರಾಗಿ ಕೂತುಬಿಟ್ಟಿತು. ಎಲ್ಲಿ ಏನು ಕಳುವಾದರೂ ಪೇದೆಯೊಬ್ಬ ಮೊದಲು ನಮ್ಮೂರಿಗೆ ಬರುತ್ತಿದ್ದ. ಬಂದವನಿಗೆ ಅಜ್ಜಿ ಮುದ್ದೆ ಹಾಕಿ, ಇವತ್ತು ನಾನೇನೂ ಕದ್ದಿಲ್ಲ ಕಣಪ್ಪ ಅಂತ ಕಳಿಸುತ್ತಿದ್ದರು. ಸುತ್ತಲ ಹಳ್ಳಿಯವರು ಸಂತೆಯಲ್ಲಿ ನಮ್ಮೂರವರನ್ನು ಕಂಡರೆ ಜೇಬು ಮುಟ್ಟಿ ನೋಡಿಕೊಂಡು ನಗುತ್ತಿದ್ದರು.

ಅದಾಗಿ ಒಂದು ವರ್ಷವೇ ಆಗಿರಬೇಕು. ಊರಿಗೆ ಒಂದು ಕುಡಿಯುವ ನೀರಿನ ಬಾವಿ ಕೇಳಲು ಪಟೇಲರು ಕೊರಟಗೆರೆಗೆ ನಮ್ಮ ಬ್ಲಾಕ್ ಕಚೇರಿಗೆ ಬಂದರು. ನಾನೂ ಅಲ್ಲಿದ್ದೆ. ನಾಲ್ಕಾರು ಊರಿನ ಪಟೇಲರು ಬೆಂಚಿನ ಮೇಲೆ ಕೂತಿದ್ದರು. ಗುಮಾಸ್ತನೊಬ್ಬ ಇವರನ್ನು ನೋಡಿದ ಕೂಡಲೇ, "ಕಳ್ಳರೂರಿನ ಪಟೇಲ್ರು ಬಂದ್ರು, ಎಲ್ಲಾ ಪೆನ್ನು ಒಳಗಿಟ್ಕೊಳ್ರಪ್ಪಾ" ಅಂದ. ಬೆಂಚಿನ ಮೇಲಿದ್ದವರೆಲ್ಲ ಹೋ ಅಂತ ನಕ್ಕರು. ನನಗೆ ನೆತ್ತಿಗೇರಿತು. ಇವತ್ತು ನಿಜ ಹೇಳಿಯೇಬಿಡುತ್ತೇನೆ ಅಂತ ಎದ್ದು ನಿಂತೆ. ಪಟೇಲರು ನನ್ನ ಕಡೆ ನೋಡಿ ಕಣ್ಣಲ್ಲೇ ಕೂರು ಅಂದರು. ಆಮೇಲೆ ಗುಮಾಸ್ತನಿಗೆ, "ಪೆನ್ನು ಯಾರಿಗೆ ಬೇಕು ಸೋಮಿ, ನೀವು ಕುರ್ಚಿ ಗಟ್ಟಿಯಾಗಿ ಹಿಡ್ಕೊಳ್ಳಿ" ಅಂದರು. ಆಗ ಇನ್ನೂ ಜೋರಾಗಿ ನಕ್ಕರು, ಇವರೂ ನಕ್ಕರು.

ಹೊರಗೆ ಬಂದ ಮೇಲೆ ನಾನು ಅವರ ಹಿಂದೆ ಓಡಿದೆ. "ಯಾಕೆ ತಡೆದಿರಿ? ನನ್ನಿಂದ ನಿಮಗೆ ಈ ಮಾತು. ಒಳಗೆ ಹೋಗಿ ಎಲ್ಲರಿಗೂ ಹೇಳ್ತೀನಿ."

"ಹೇಳಿದ್ರೆ ನಿಮ್ಮಪ್ಪನ ಕಿವಿಗೆ ಬೀಳಾಕಿಲ್ವಾ? ಅವತ್ತು ಅಷ್ಟೆಲ್ಲ ಮಾಡಿದ್ದು ಏನಕ್ಕೆ?"

"ನಿಮ್ಮ ಹೆಸರು ಪಟೇಲ್ರೇ..."

"ನಮ್ಮನೇಲಿ ಒಂದು ಹೆಣ್ಣು ಹುಟ್ಟಿದ್ರೆ ಅದ್ಕೋಸ್ಕರ ಇಷ್ಟು ಮಾತು ಕೇಳ್ತಿರ್ಲಿಲ್ವಾ ನಾನು? ಸುಮ್ನಿರವ್ವ" ಅಂದರು. ಅಷ್ಟರಲ್ಲಿ ತೋವಿನಕೆರೆ ಬಸ್ಸು ಹಾರ್ನ್ ಹೊಡೆಯಿತು. ಪಟೇಲರು ಪಂಚೆ ಎತ್ತಿ ಕಟ್ಟಿಕೊಂಡು ಜಾಗ ಹಿಡಿಯಲು ಓಡಿದರು. ನಾನು ಕಚೇರಿಯ ಮೆಟ್ಟಿಲ ಮೇಲೆ ನಿಂತು, ಬಸ್ಸು ಕಣ್ಮರೆಯಾಗುವವರೆಗೂ ಅತ್ತೆ.